ಗ್ರಿಪ್ ಹೋದ ಟೈರು ಮತ್ತು ಹಸ್ತದ ಮಳೆ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೊರಟವರು ನವಲಗುಂದ, ನರಗುಂದಗಳನ್ನು ದಾಟಿ ಮಲಪ್ರಭೆಯ ದಂಡೆಗೆ ಬಂದಾಗ ಸಿಗುವ ಊರು ಕೊಣ್ಣೂರು. ಅಮೋಘವರ್ಷ ನೃಪತುಂಗ ಮತ್ತು ಅವನ ದಂಡನಾಯಕ ಬಂಕೇಯನ ಹೆಸರುಳ್ಳ ಶಾಸನದಿಂದಾಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಪರಿಚಿತ. ಹೆದ್ದಾರಿಯ ಪ್ರಯಾಣಿಕರಿಗೆ ನೆನಪಿರುವುದು ಮಾತ್ರ ಇಲ್ಲಿನ ಕರಿಮಣ್ಣು. ಏಪ್ರಿಲ್ ತಿಂಗಳಲ್ಲಿ ಈ ಎರೆಹೊಲ ಕಲ್ಲಿನಷ್ಟು ಗಟ್ಟಿ. ಅಂಗೈ ತೂರುವಂಥ ಬಿರುಕು. ಹಸ್ತ, ಚಿತ್ತಿ ಮಳೆ ಹಿಡಿಯಿತೆಂದರೆ ಅದೇ ನೆಲ ಕಾಲಿನ ಚಪ್ಪಲಿಯನ್ನು ಕಿತ್ತಿಟ್ಟುಕೊಳ್ಳುವ ಅಂಟು. ಒಂದೇ ನೆಲಕ್ಕೆ ಎರಡು ಸ್ವಭಾವ.

ಈ ಎರಡು ಸ್ವಭಾವಗಳ ನಡುವೆ ಯಾವ ಗಾಲಿ ಹೂಡಬೇಕು ಎಂಬ ಪ್ರಶ್ನೆ ಚಕ್ಕಡಿ ಹೂಡುವ ರೈತನಿಗೆ ಹೊಸದಲ್ಲ. ಕೋಟಿ ರೂಪಾಯಿ ಕೊಟ್ಟು ಸ್ಪೋರ್ಟ್ಸ್ ಕಾರು ಕೊಂಡವನೂ ಟೈರಿನ ಅಂಗಡಿಯಲ್ಲಿ ನಿಂತು ಕೇಳುವುದು ಇದೇ ಪ್ರಶ್ನೆಯನ್ನು. ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಟೈರು ಯಾವುದು? ಮಳೆಯಲ್ಲಿ ಜಾರದ ಟೈರು ಯಾವುದು? ಎರಡೂ ಒಂದೇ ಆಗಲು ಸಾಧ್ಯವೇ? ಸಾಧ್ಯವಿಲ್ಲ ಎಂಬುದೇ ಉತ್ತರ. ಯಾಕೆ ಸಾಧ್ಯವಿಲ್ಲ ಎಂದು ತಿಳಿಯಲು ಸ್ಪೋರ್ಟ್ಸ್ ಕಾರೇ ಇರಬೇಕೆಂದಿಲ್ಲ. ಹಳೆಯ ಮಾರುತಿ ಇರುವವನಿಗೂ, ಬಾಡಿಗೆ ಜೀಪಿನಲ್ಲಿ ಸವದತ್ತಿ ಜಾತ್ರೆಗೆ ಹೋಗುವವನಿಗೂ ಅದು ಸಂಬಂಧಿಸಿದ ಮಾತು.

ಮೊದಲು ನಮ್ಮ ಬಳಕೆಯ ಒಂದು ಮಾತನ್ನು ನೋಡಬೇಕು. ಸವೆದ ಟೈರನ್ನು ಕಂಡ ಪಂಕ್ಚರ್ ಅಂಗಡಿಯವನು ‘ಗ್ರಿಪ್ ಹೋಗೇತ್ರಿ’ ಎನ್ನುತ್ತಾನೆ. ಟೈರಿನ ಮೈಮೇಲಿನ ಗೆರೆ, ಕಾಲುವೆಗಳಿಗೇ ಗ್ರಿಪ್ ಎಂದು ಹೆಸರು. ಆ ಕಾಲುವೆಗಳೇ ರಸ್ತೆಯನ್ನು ಹಿಡಿಯುತ್ತವೆ ಎಂದು ಬಹುತೇಕರ ನಂಬಿಕೆ. ಅದು ಅರ್ಧ ಸತ್ಯ. ಒಣಗಿದ ಡಾಂಬರಿನ ಮೇಲೆ ಹಿಡಿಯುವುದು ಕಾಲುವೆಯಲ್ಲ, ಕಾಲುವೆಗಳ ನಡುವೆ ಉಳಿದ ರಬ್ಬರು. ಕಾಲುವೆ ಕೊರೆದಷ್ಟೂ ನೆಲ ಮುಟ್ಟುವ ರಬ್ಬರು ಕಡಿಮೆ. ಆದ್ದರಿಂದ ಒಣ ರಸ್ತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿತ ಕೊಡುವ ಟೈರೆಂದರೆ ಗೆರೆಯೇ ಇಲ್ಲದ ಬೋಳು ಟೈರು! ಹಾಗೆಂದು ಸವೆದ ಟೈರನ್ನೇ ಓಡಿಸುತ್ತೇನೆ ಎಂದು ಯಾರೂ ಹೊರಡಬಾರದು. ರೇಸಿನ ಬೋಳು ಟೈರನ್ನು ಹಾಗೆಂದೇ ಮೆತ್ತನೆಯ ರಬ್ಬರಿನಿಂದ ಮಾಡಿರುತ್ತಾರೆ. ಸವೆದು ಬೋಳಾದದ್ದು ವಯಸ್ಸಾಗಿ ಗಡುಸಾದ, ತೆಳುವಾದ, ಯಾವಾಗ ಬೇಕಾದರೂ ಸಿಡಿಯಬಹುದಾದ ಟೈರು.

ಕಾರೊಂದು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯ ಅಳತೆ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಒಂದೂವರೆ ಟನ್ ತೂಕದ ಗಾಡಿ ತಿರುವಿನಲ್ಲಿ ಹೊರಳುವುದು, ಬ್ರೇಕಿಗೆ ನಿಲ್ಲುವುದು ಎಲ್ಲವೂ ಈ ನಾಲ್ಕು ಅಂಗೈಗಳ ಭರವಸೆಯ ಮೇಲೆ. ರಬ್ಬರು ಅಲ್ಲಿ ಎರಡು ಕೆಲಸ ಮಾಡುತ್ತದೆ. ಡಾಂಬರಿನಲ್ಲಿನ ಜಲ್ಲಿಕಲ್ಲಿನ ಉಬ್ಬುತಗ್ಗುಗಳಿಗೆ ತನ್ನ ಮೈಯನ್ನು ಒಗ್ಗಿಸಿ ಅವನ್ನು ಅಪ್ಪಿಕೊಳ್ಳುವುದು ಒಂದು. ಕಲ್ಲಿನ ಮೈಗೆ ಕ್ಷಣಮಾತ್ರ ಅಂಟಿ ಬಿಡುವುದು ಇನ್ನೊಂದು. ನಡುವೆ ನೀರಿನ ಪೊರೆ ಬಂತೆಂದರೆ ಎರಡನೆಯ ಕೆಲಸ ಬಹುಮಟ್ಟಿಗೆ ನಿಂತೇಹೋಗುತ್ತದೆ. ಎಣ್ಣೆ ಹಚ್ಚಿದ ಕೈಯಲ್ಲಿ ಹಗ್ಗ ಹಿಡಿದಂತೆ.

ಇದರ ಪರಿಣಾಮವನ್ನು ಲೆಕ್ಕದಲ್ಲಿ ನೋಡಬಹುದು. ಒಣ ರಸ್ತೆಯಲ್ಲಿ ಟೈರಿನ ಘರ್ಷಣೆಯ ಪ್ರಮಾಣ 0.8 ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದ ಕಾರು ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಸುಮಾರು 49 ಮೀಟರ್ ಬೇಕು. ನೆನೆದ ರಸ್ತೆಯಲ್ಲಿ ಅದೇ ಪ್ರಮಾಣ 0.4ಕ್ಕೆ ಇಳಿದರೆ 98 ಮೀಟರ್. ಚಾಲಕ ಕಂಡು, ಬೆಚ್ಚಿ, ಕಾಲೊತ್ತುವ ಸಮಯ ಇದರಲ್ಲಿ ಸೇರಿಲ್ಲ. ಆ ವೇಗದಲ್ಲಿ ಒಂದು ಸೆಕೆಂಡ್ ತಡವಾದರೆ ಇನ್ನೂ 28 ಮೀಟರ್ ಕಳೆದಿರುತ್ತದೆ. ತಿಂಗಳುಗಟ್ಟಲೆ ಮಳೆಯಿಲ್ಲದೆ ಧೂಳು, ಆಯಿಲ್ ಕೂತ ರಸ್ತೆಗೆ ಮೊದಲ ಹನಿಗಳು ಬಿದ್ದಾಗ ಜಾರಿಕೆ ಇನ್ನೂ ಹೆಚ್ಚು. ಅರ್ಧ ಗಂಟೆ ಚೆನ್ನಾಗಿ ಸುರಿದು ತೊಳೆದ ಮೇಲೆ ರಸ್ತೆ ಸ್ವಲ್ಪ ಸುಧಾರಿಸುತ್ತದೆ. ಎರೆಹೊಲದಿಂದ ಹೆದ್ದಾರಿಗೆ ಏರುವ ಟ್ರ್ಯಾಕ್ಟರುಗಳ ಗಾಲಿಯಿಂದ ಉದುರಿದ ಮಣ್ಣಿನ ಹೆಂಟೆಗಳಿರುವ ಕಡೆ ಈ ಸುಧಾರಣೆಯನ್ನೂ ನಿರೀಕ್ಷಿಸುವಂತಿಲ್ಲ.

ಗಾಳಿ ತುಂಬಿದ ಟೈರಿನ ಹಕ್ಕುಪತ್ರವನ್ನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪಡೆದಿದ್ದ. ಜನ ಅದನ್ನು ಮರೆತರು. 1887ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಮತ್ತೆ ಕಂಡುಹಿಡಿದ. ದನಕರುಗಳ ವೈದ್ಯನೊಬ್ಬನ ಹೆಸರು ಮುಂದೆ ಭಾರತದ ಹಲವು ಕಡೆ ಎತ್ತಿನ ಗಾಡಿಯ ಟೈರಿಗೇ ಅಂಟಿಕೊಂಡಿತು ಎಂಬುದು ಒಂದು ತಮಾಷೆಯ ಕಾಕತಾಳೀಯ. ಮೊದಮೊದಲ ಟೈರುಗಳ ಬಣ್ಣ ಬಿಳುಪು. ಬಾಳಿಕೆಗಾಗಿ ರಬ್ಬರಿಗೆ ಇಂಗಾಲದ ಮಸಿ ಬೆರೆಸುವುದು 1910ರ ದಶಕದಿಂದ ರೂಢಿಗೆ ಬಂದ ಮೇಲೆ ಟೈರು ಕಪ್ಪಾಯಿತು.

ಒಣ ಮತ್ತು ಹಸಿಯ ಜಗಳ ಅತಿ ಸ್ಪಷ್ಟವಾಗಿ ಕಾಣುವುದು ಮೋಟಾರ್ ರೇಸಿನಲ್ಲಿ. 1971ರಲ್ಲಿ ಫಾರ್ಮುಲಾ ಒನ್ ರೇಸಿಗೆ ಫೈರ್‌ಸ್ಟೋನ್ ಕಂಪೆನಿ ಗೆರೆಯಿಲ್ಲದ ‘ಸ್ಲಿಕ್’ ಟೈರನ್ನು ತಂದಿತು. ಒಣ ಟ್ರ್ಯಾಕಿನಲ್ಲಿ ಅದಕ್ಕೆ ಎದುರಿಲ್ಲ. ಮಳೆ ಬಂದರೆ ಅದಕ್ಕೆ ನೀರನ್ನು ಸರಿಸುವ ದಾರಿಯೇ ಇಲ್ಲ. ಹಾಗಾಗಿ ಮಳೆಗೆ ಆಳವಾದ ಕಾಲುವೆಗಳ ಬೇರೆ ಟೈರು. ತುಂತುರಿಗೆ, ಅರೆ ಒಣಗಿದ ಟ್ರ್ಯಾಕಿಗೆ ಮಧ್ಯಮದ ಮತ್ತೊಂದು. 2011ರಿಂದ ಈ ಟೈರುಗಳನ್ನು ಪೂರೈಸುತ್ತಿರುವ ಪಿರೆಲ್ಲಿ ಕಂಪೆನಿಯ ಪ್ರಕಾರ, ಗಂಟೆಗೆ 300 ಕಿ.ಮೀ. ವೇಗದಲ್ಲಿ ಒಂದು ಮಳೆ ಟೈರು ಸೆಕೆಂಡಿಗೆ 85 ಲೀಟರ್ ನೀರನ್ನು ಹೊರಗೆಸೆಯುತ್ತದೆ. 15 ಲೀಟರಿನ ಕೊಡವಾದರೆ ಐದು ಕೊಡಕ್ಕಿಂತ ಹೆಚ್ಚು, ಒಂದೇ ಸೆಕೆಂಡಿಗೆ, ಒಂದೇ ಗಾಲಿಯಿಂದ. ಮಧ್ಯಮದ್ದು ಎಸೆಯುವುದು 30 ಲೀಟರ್. ಅದೇ ಮಳೆ ಟೈರನ್ನು ಒಣಗಿದ ಟ್ರ್ಯಾಕಿನಲ್ಲಿ ಓಡಿಸಿದರೆ ಮೆತ್ತನೆಯ ರಬ್ಬರಿನ ತುಂಡುಗಳು ನೀರಿನ ತಂಪಿಲ್ಲದೆ ಕಾದು ಕೆಲವೇ ಸುತ್ತುಗಳಲ್ಲಿ ಹರಿದುಹೋಗುತ್ತವೆ.

ಈ ಆಯ್ಕೆ ಎಷ್ಟು ಕಠಿಣ ಎಂಬುದಕ್ಕೆ 1993ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್‌ನಲ್ಲಿ ನಡೆದ ರೇಸು ಸಾಕ್ಷಿ. ಮಳೆ ಬಂದು ಹೋಗಿ ಆಟವಾಡುತ್ತಿತ್ತು. ಅಯರ್ಟನ್ ಸೆನ್ನಾ ಗೆದ್ದ ಆ ದಿನ ಅಲೈನ್ ಪ್ರಾಸ್ಟ್‌ನಂಥ ಚತುರನೂ ಏಳು ಸಲ ಒಳಬಂದು ಟೈರು ಬದಲಿಸಬೇಕಾಯಿತು. ಎಷ್ಟು ಕಾರು ಇದ್ದರೇನು, ಆಕಾಶ ಕೇಳಬೇಕಲ್ಲ!

ಕನ್ನಡಿಗರಿಗೆ ಹತ್ತಿರದ ಕಥೆಯೊಂದಿದೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಕಟ್ಟಿದ ಫೋರ್ಸ್ ಇಂಡಿಯಾ ತಂಡ 2008ರಿಂದ 2018ರವರೆಗೆ ಫಾರ್ಮುಲಾ ಒನ್‌ನಲ್ಲಿ ಇತ್ತು. ಮೊದಲ ವರ್ಷ ಅದು ಕೊನೆಯ ಸಾಲಿನ ತಂಡ. ಆ ಮೇ 25ರಂದು ಮೊನಾಕೊದ ಬೀದಿಗಳಲ್ಲಿ ಮಳೆಯಲ್ಲಿ ರೇಸು ಆರಂಭವಾಯಿತು. ದೊಡ್ಡ ತಂಡದವರು ಗೋಡೆಗೆ ಗುದ್ದಿದರು, ಜಾರಿದರು. ತಂಡದ ಜರ್ಮನ್ ಚಾಲಕ ಏಡ್ರಿಯನ್ ಸುಟಿಲ್ ತಪ್ಪಿಲ್ಲದೆ ಓಡಿಸುತ್ತ ನಾಲ್ಕನೆಯ ಸ್ಥಾನಕ್ಕೆ ಬಂದ. ಹೊಸ ತಂಡಕ್ಕೆ ಅದು ಕನಸಿನ ಮಾತು. ಟ್ರ್ಯಾಕ್ ಒಣಗುತ್ತ ಬಂದು ಎಲ್ಲರೂ ಒಣ ಟೈರಿಗೆ ಹೊರಳಿದ್ದರು. ಮುಗಿಯಲು ಕೆಲವೇ ಸುತ್ತು ಇರುವಾಗ, ಸುರಂಗದಿಂದ ಹೊರಬಂದು ಬ್ರೇಕ್ ಒತ್ತಿದ ಫೆರಾರಿಯ ಕಿಮಿ ರೈಕ್ಕೊನೆನ್‌ನ ಕಾರು ಹಿಡಿತ ತಪ್ಪಿ ಓಲಾಡಿ ಸುಟಿಲ್‌ನ ಬೆನ್ನಿಗೆ ಬಡಿಯಿತು. ರೈಕ್ಕೊನೆನ್ ಹಿಂದಿನ ವರ್ಷದ ವಿಶ್ವ ಚಾಂಪಿಯನ್. ಸುಟಿಲ್ ಗ್ಯಾರೇಜಿನಲ್ಲಿ ಕಣ್ಣೀರಿಟ್ಟ. ಆ ವರ್ಷ ತಂಡಕ್ಕೆ ಒಂದು ಅಂಕವೂ ಸಿಗಲಿಲ್ಲ.

ಅದೇ ವರ್ಷ ನವೆಂಬರ್ 2ರಂದು ಬ್ರೆಜಿಲ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟವೇ ಒಂದು ಜೊತೆ ಟೈರಿನ ಮೇಲೆ ನಿಂತಿತ್ತು. ಕೊನೆಯ ಸುತ್ತುಗಳಲ್ಲಿ ಮಳೆ ಶುರುವಾಯಿತು. ಬಹುತೇಕರು ಮಳೆ ಟೈರಿಗೆ ಬದಲಾದರು. ಟೊಯೋಟಾದ ಟಿಮೊ ಗ್ಲಾಕ್ ಒಣ ಟೈರಿನಲ್ಲೇ ಉಳಿದ. ಸ್ವಲ್ಪ ಹೊತ್ತು ಅದು ಲಾಭವೇ ಆಯಿತು. ಕೊನೆಯ ಸುತ್ತಿನಲ್ಲಿ ಮಳೆ ಜೋರಾಗಿ ಅವನ ಕಾರು ತೆವಳತೊಡಗಿತು. ಗುರಿಗೆ ಮುನ್ನಿನ ತಿರುವಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಅವನನ್ನು ದಾಟಿ ಐದನೆಯವನಾದ. ಗೆದ್ದು ಸಂಭ್ರಮಿಸುತ್ತಿದ್ದ ಫೆಲಿಪೆ ಮಾಸಾನ ಕೈಯಿಂದ ಒಂದೇ ಅಂಕದಲ್ಲಿ ಪಟ್ಟ ಜಾರಿತು.

ರೇಸಿನವರಿಗೆ ಟೈರು ಬದಲಿಸಲು ಕೆಲವು ಸೆಕೆಂಡು ಸಾಕು. ನರಗುಂದ ಬಿಡುವಾಗ ಬಿಸಿಲು, ಕೊಣ್ಣೂರು ಮುಟ್ಟುವಾಗ ಮಳೆ ಎಂದರೆ ರಸ್ತೆಯ ಕಾರಿನವನು ಎಲ್ಲಿ ಬದಲಿಸಬೇಕು? ಅವನ ಟೈರು ಎರಡನ್ನೂ ತಾಳಿಕೊಳ್ಳಬೇಕು. ಅಂದರೆ ಅದು ರಾಜಿಯ ಟೈರು. ಯಾವ ಕಡೆಗೆ ಎಷ್ಟು ರಾಜಿ ಎಂಬುದರಲ್ಲಿ ಆಯ್ಕೆ ಇದೆ.

ಇಲ್ಲಿ ಸ್ಪೋರ್ಟ್ಸ್ ಕಾರಿನ ಕಷ್ಟ ಸಾಮಾನ್ಯ ಕಾರಿಗಿಂತ ಹೆಚ್ಚು. ಮಾರುತಿ ಆಲ್ಟೊ 800ರ ಟೈರಿನ ಅಗಲ 145 ಮಿಲಿಮೀಟರ್. 2018ರಲ್ಲಿ ಬಂದ ಪೋರ್ಷೆ 911 ಕ್ಯಾರೆರಾ ಎಸ್ ಕಾರಿನ ಹಿಂದಿನ ಟೈರು 305 ಮಿಲಿಮೀಟರ್. ಎರಡು ಪಟ್ಟಿಗೂ ಹೆಚ್ಚು. ಅಗಲವಾದ ಟೈರು ಒಣ ತಿರುವಿನಲ್ಲಿ ಗಟ್ಟಿಗ. ನೀರಿನಲ್ಲಿ ಅದೇ ಅಗಲ ಶತ್ರು. ಹೆಚ್ಚು ಅಗಲದ ನೀರನ್ನು ಅದೇ ಕ್ಷಣದಲ್ಲಿ ಬದಿಗೆ ತಳ್ಳಬೇಕು. ತಳ್ಳಲು ಆಗದಿದ್ದರೆ ನೀರು ಬೆಣೆಯಂತೆ ಟೈರಿನ ಕೆಳಗೆ ನುಗ್ಗಿ ಗಾಲಿಯನ್ನು ಎತ್ತುತ್ತದೆ. ಆಗ ಕಾರು ರಸ್ತೆಯ ಮೇಲಿಲ್ಲ, ನೀರಿನ ಮೇಲಿದೆ. ಸ್ಟೇರಿಂಗ್ ಹಗುರಾಗುತ್ತದೆ, ತಿರುಗಿಸಿದರೆ ಕಾರು ತಿರುಗುವುದಿಲ್ಲ, ಬ್ರೇಕ್ ಒತ್ತಿದರೆ ನಿಲ್ಲುವುದಿಲ್ಲ. ಪೋರ್ಷೆಯವರು ಆ 911ರ ಮುಂದಿನ ಗಾಲಿಗಳ ಗೂಡಿನಲ್ಲಿ ನೀರು ಸಿಡಿಯುವ ಸದ್ದನ್ನು ಆಲಿಸುವ ಸಾಧನವನ್ನೇ ಇಟ್ಟರು. ರಸ್ತೆ ನೆನೆದಿದೆ ಎಂದು ಸದ್ದಿನಿಂದ ತಿಳಿದು ಚಾಲಕನಿಗೆ ಎಚ್ಚರಿಕೆ ಕೊಡುವ ಏರ್ಪಾಡು ಅದು.

ಗಾಲಿ ತೇಲುವ ವೇಗ ಎಷ್ಟು? ಮಳೆಯಲ್ಲಿ ಇಳಿಯುವ ವಿಮಾನಗಳು ಜಾರುವುದನ್ನು ಕಂಡು ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಗಾಲಿ ತೇಲುವ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬುದು ಅದರ ತಿರುಳು. ಈ ಲೆಕ್ಕ ಗೆರೆ ಸವೆದ ಟೈರಿಗೆ, ಕಾಲುವೆ ಹೊರಲಾರದಷ್ಟು ನೀರು ನಿಂತ ರಸ್ತೆಗೆ ಅನ್ವಯಿಸುತ್ತದೆ. 32 ಪೌಂಡ್ ಗಾಳಿಯಿದ್ದರೆ ಗಂಟೆಗೆ ಸುಮಾರು 94 ಕಿ.ಮೀ.ಗೆ ಗಾಲಿ ತೇಲುತ್ತದೆ. 20 ಪೌಂಡ್ ಇದ್ದರೆ 75 ಕಿ.ಮೀ.ಗೇ ತೇಲುತ್ತದೆ. ‘ಮಳೆಗಾಲ ಬಂತು, ಸ್ವಲ್ಪ ಗಾಳಿ ಕಡಿಮೆ ಮಾಡು, ಹಿಡಿತ ಬರುತ್ತದೆ’ ಎಂದು ಹೇಳುವವರು ಹಲವರಿದ್ದಾರೆ. ಹೆದ್ದಾರಿಯಲ್ಲಿ ಇದು ಅಪಾಯದ ಸಲಹೆ. ಗಾಳಿ ಇಳಿದ ಟೈರಿನ ಮೈ ನೀರನ್ನು ಒತ್ತಿ ಸರಿಸಲಾರದು, ಕಾಲುವೆಗಳೂ ಮುಚ್ಚಿಕೊಳ್ಳುತ್ತವೆ.

ಆದರೆ ಆ ಸಲಹೆ ಎಲ್ಲಿಂದಲೋ ಸುಮ್ಮನೆ ಹುಟ್ಟಿದ್ದಲ್ಲ. ಎರೆಯ ಕೆಸರಿನಲ್ಲಿ ಜೀಪು ಹೂತಾಗ ಗಾಳಿ ಇಳಿಸುವುದು ಸರಿಯಾದ ಉಪಾಯವೇ. ಗಾಳಿ ಇಳಿದ ಟೈರು ಚಪ್ಪಟೆಯಾಗಿ ಹೆಚ್ಚು ಜಾಗದ ಮೇಲೆ ಭಾರ ಹರಡುತ್ತದೆ, ಹೂಳುವುದು ಕಡಿಮೆಯಾಗುತ್ತದೆ. ಕೆಸರಿನ ಜಾಣತನವನ್ನು ಡಾಂಬರಿಗೆ ತಂದದ್ದೇ ತಪ್ಪು. ಕೆಸರಿನಲ್ಲಿ ಗಾಲಿ ತೇಲಬೇಕು, ಡಾಂಬರಿನ ನೀರಿನಲ್ಲಿ ತೇಲಬಾರದು.

ಚಕ್ಕಡಿಯ ಇತಿಹಾಸವೂ ಈ ಮಾತನ್ನೇ ಹೇಳುತ್ತದೆ. ಬಡಿಗ ಕಟ್ಟಿದ ಮರದ ಗಾಲಿಗೆ ಕಂಬಾರ ಕುಳ್ಳಿನ ಬೆಂಕಿಯಲ್ಲಿ ಕಾಸಿದ ಕಬ್ಬಿಣದ ಪಟ್ಟಿಯನ್ನು ತೊಡಿಸಿ ನೀರು ಹೊಯ್ಯುತ್ತಿದ್ದ. ಪಟ್ಟಿ ಕುಗ್ಗಿ ಗಾಲಿಯನ್ನು ಬಿಗಿಯುತ್ತಿತ್ತು. ಅಗಲ ಕಡಿಮೆಯ, ಎತ್ತರದ ಆ ಗಾಲಿ ಬೇಸಿಗೆಯ ಗಟ್ಟಿ ಜಾಡಿನಲ್ಲಿ ಸಲೀಸು. ಮಳೆ ಬಿದ್ದ ಎರೆಯಲ್ಲಿ ಅದೇ ಗಾಲಿ ಚಾಕುವಿನಂತೆ ನೆಲ ಸೀಳಿ ಗುಂಬದವರೆಗೆ ಇಳಿಯುತ್ತಿತ್ತು. ಟೈರಿನ ಚಕ್ಕಡಿ ಬಂದ ಮೇಲೆ ಹೆಚ್ಚು ಭಾರ ಹೇರುವುದು ಸಾಧ್ಯವಾಯಿತು, ಎತ್ತಿನ ಹೆಗಲಿಗೂ ಸ್ವಲ್ಪ ಬಿಡುವು ಸಿಕ್ಕಿತು. ಈ ಭಾಗದ ಜಾತ್ರೆಗಳಲ್ಲಿ ಖಾಲಿ ಚಕ್ಕಡಿ ಓಡಿಸುವ ಸ್ಪರ್ಧೆಗೆ ಜನ ಕಿಕ್ಕಿರಿಯುತ್ತಾರೆ. ಇಲ್ಲಿನ ಸ್ಪೋರ್ಟ್ಸ್ ಕಾರು ಎಂದರೆ ಅದೇ ಎನ್ನಬಹುದು. ಅದಕ್ಕೂ ನೆಲ ಒಣಗಿರಲೇಬೇಕು. ಮಳೆಯ ಚಕ್ಕಡಿ, ಬಿಸಿಲಿನ ಚಕ್ಕಡಿ ಎಂದು ಎರಡು ಕಟ್ಟಿಸುವವರು ಯಾರಿದ್ದಾರೆ?

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಕಾರ್ ರ‍್ಯಾಲಿಗಳಲ್ಲಿ ಲೆಕ್ಕ ಮತ್ತೆ ತಿರುವುಮುರುವು. ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತುಗಳೂ ನಡೆದ ದಾರಿಗಳಿವು. 2016ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಓಡಿದ್ದು ಚೆನ್ನೈನ ಎಂ.ಆರ್.ಎಫ್. ಟೈರಿನ ಮೇಲೆ. ತೋಟದ ದಾರಿಯಲ್ಲಿ ಮೇಲಿನ ಸಡಿಲ ಮಣ್ಣು, ಜಲ್ಲಿಯ ಅಡಿಯಲ್ಲಿ ಗಟ್ಟಿ ತಳವಿದೆ. ಆದ್ದರಿಂದ ರ‍್ಯಾಲಿಯವರು ಕಿರಿದಾದ, ದಪ್ಪ ಗಡ್ಡೆಗಳ ಟೈರು ಹಾಕಿ ಮೇಲ್ಪದರವನ್ನು ಕಡಿದು ತಳ ಮುಟ್ಟುತ್ತಾರೆ. ಎರೆಯಲ್ಲಿ ಈ ಉಪಾಯ ನಡೆಯದು, ಯಾಕೆಂದರೆ ಹತ್ತಿರದಲ್ಲಿ ಮುಟ್ಟಲು ಅಲ್ಲಿ ತಳವೇ ಇಲ್ಲ.

ಇನ್ನು ಅಂಗಡಿಯಲ್ಲಿ ಏನು ನೋಡಬೇಕು? ಸ್ಪೋರ್ಟ್ಸ್ ಕಾರಿನ ಒಳ್ಳೆಯ ಟೈರುಗಳ ಮೇಲೆ ‘ಸಮ್ಮರ್’ ಎಂದಿದ್ದರೆ ಮಳೆಗಾಲಕ್ಕೆ ಆಗದು ಎಂದು ತಿಳಿಯಬೇಕಿಲ್ಲ. ಅದು ಹಿಮ ಬೀಳುವ ದೇಶಗಳ ಮಾತು. ಬೆಚ್ಚಗಿನ ಹವೆಯಲ್ಲಿ ಒಣ ಮತ್ತು ಹಸಿ ಎರಡಕ್ಕೂ ತಯಾರಾದದ್ದು ಎಂದಷ್ಟೇ ಅರ್ಥ. ಚಳಿಯ ಟೈರು ಕರ್ನಾಟಕಕ್ಕೆ ಬೇಕಾಗಿಲ್ಲ. ರೇಸಿನ ಟ್ರ್ಯಾಕಿಗೆಂದು ಮಾಡಿದ ಅರೆಬೋಳು ಟೈರುಗಳು ಮಾತ್ರ ನಿಜವಾಗಿ ಮೋಸಗಾರ. ಕಾನೂನಿಗೆ ಬೇಕಾದಷ್ಟು ಗೆರೆ ಅವಕ್ಕಿರುತ್ತದೆ, ಮಳೆಗೆ ಬೇಕಾದಷ್ಟು ಇರುವುದಿಲ್ಲ. ಒಣ ಹಿಡಿತವನ್ನು ಹೊಗಳುವ ಜಾಹೀರಾತಿಗೆ ಮರುಳಾಗಿ ಅವನ್ನು ಹಾಕಿಸಿಕೊಂಡು ಜುಲೈನಲ್ಲಿ ಘಟ್ಟ ಇಳಿಯುವುದು ಮೂರ್ಖತನ. ವರ್ಷಕ್ಕೊಮ್ಮೆಯೂ ಮುಟ್ಟದ ವೇಗಕ್ಕಾಗಿ, ಪ್ರತಿ ಮಳೆಗೂ ಬೇಕಾಗುವ ಹಿಡಿತವನ್ನು ಬಿಟ್ಟುಕೊಟ್ಟಂತೆ.

ಹಲವು ಟೈರುಗಳ ಬದಿಯಲ್ಲಿ ‘ಟ್ರ್ಯಾಕ್ಷನ್’ ಎಂಬ ಅಚ್ಚು ಇರುತ್ತದೆ; ಅದು ನೆನೆದ ನೆಲದಲ್ಲಿ ಬ್ರೇಕ್ ಹಿಡಿಯುವ ಶಕ್ತಿಯ ದರ್ಜೆ. ಎಎ ಎಲ್ಲಕ್ಕಿಂತ ಮೇಲು, ಸಿ ಕೊನೆ. ‘ಟ್ರೆಡ್‌ವೇರ್’ ಸಂಖ್ಯೆ ಬಾಳಿಕೆಯದು. ಅದು ತೀರ ಕಡಿಮೆಯಿದ್ದರೆ ರಬ್ಬರು ಮೆತ್ತಗಿದೆ, ಬೇಗ ಸವೆಯುತ್ತದೆ ಎಂದು ಊಹಿಸಬಹುದು. ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನ: 2323 ಎಂದರೆ 2023ರ ಇಪ್ಪತ್ತಮೂರನೆಯ ವಾರ. ಹೊರಮೈ ಮತ್ತು ಒಳಮೈ ಬೇರೆಬೇರೆಯಾಗಿರುವ ಟೈರುಗಳಲ್ಲಿ ಹೊರಗಿನ ದಪ್ಪ ತುಂಡುಗಳು ಒಣ ತಿರುವಿಗೆ, ಒಳಗಿನ ಕಾಲುವೆಗಳು ಮಳೆಗೆ. ತಿರುವುಮುರುವಾಗಿ ಕೂಡಿಸಿದರೆ ಎರಡೂ ಕೆಟ್ಟಂತೆ. ಸಣ್ಣ ಊರಿನ ಅಂಗಡಿಗಳಲ್ಲಿ ಈ ತಪ್ಪು ಆಗದಂತೆ ಮಾಲೀಕನೇ ನಿಂತು ನೋಡಬೇಕು. ರಬ್ಬರಿಗೆ ಮಸಿಯ ಬದಲು ಸಿಲಿಕಾ ಬೆರೆಸುವ ಕ್ರಮ 1990ರ ದಶಕದಲ್ಲಿ ಬಂದ ಮೇಲೆ, ಮಳೆಯ ಹಿಡಿತ ಬಿಡದೆಯೂ ಪೆಟ್ರೋಲ್ ಉಳಿಸುವುದು ಸಾಧ್ಯವಾಯಿತು. ಟೈರಿಗೆ ಹಸಿ ಹಿಡಿತದ ಕನಿಷ್ಠ ಮಟ್ಟ ಇರಲೇಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿತು.

ಹೊಸ ಟೈರಿನ ಕಾಲುವೆ ಏಳೆಂಟು ಮಿಲಿಮೀಟರ್ ಆಳ. ಕಾರಿಗೆ ಕಾನೂನಿನ ಕೊನೆಯ ಗೆರೆ 1.6 ಮಿಲಿಮೀಟರ್. ಕಾಲುವೆಯ ತಳದಲ್ಲಿರುವ ಸಣ್ಣ ದಿಬ್ಬ ಮೇಲ್ಮೈಗೆ ಸಮನಾದರೆ ಆ ಗೆರೆ ಮುಟ್ಟಿತು ಎಂದರ್ಥ. ಮಳೆಯ ಹಿಡಿತ ಅದಕ್ಕೂ ಮೊದಲೇ ಕುಸಿಯಲು ಆರಂಭಿಸಿರುತ್ತದೆ. ಹಾಗಾಗಿ ಮುಂಗಾರಿಗೆ ಮುನ್ನ 3 ಮಿಲಿಮೀಟರಿಗೆ ಬಂದ ಟೈರನ್ನು ಬದಲಿಸುವುದು ಒಳಿತು. ನಾಲ್ಕೂ ಕೊಳ್ಳಲು ಹಣವಿಲ್ಲದಿದ್ದರೆ ಹೊಸ ಎರಡನ್ನು ಹಿಂದಕ್ಕೆ ಹಾಕಬೇಕು. ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ಸ್ಟೇರಿಂಗಿನ ಮೂಲಕ ಚಾಲಕನಿಗೆ ಸೂಚನೆಯಾದರೂ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ಸುತ್ತುತ್ತದೆ.

ಯಾವ ಟೈರಿನಿಂದಲೂ ಆಗದ ಒಂದು ಸಂಗತಿ ಉಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಕೊಣ್ಣೂರಿನ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿಯಿತು; ಹುಬ್ಬಳ್ಳಿ–ವಿಜಯಪುರ ಸಂಚಾರ ನಿಂತಿತು. ಒಂದಡಿ ಹರಿಯುವ ನೀರು ಸಣ್ಣ ಕಾರನ್ನು ಎತ್ತಿ ತಳ್ಳಬಲ್ಲದು, ಎರಡಡಿ ನೀರು ಬಹುತೇಕ ವಾಹನಗಳನ್ನು ಒಯ್ಯಬಲ್ಲದು. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣು ಎತ್ತರವೂ ಇರುವುದಿಲ್ಲ. ಅಂಥ ದಿನ ಅದು ಯಾವ ಟೈರು ತೊಟ್ಟಿದ್ದರೂ, ಸೇತುವೆಯ ಈಚೆ ಟ್ರ್ಯಾಕ್ಟರು, ಲಾರಿ, ಚಕ್ಕಡಿಗಳ ಸಾಲಿನಲ್ಲೇ ನಿಂತು ನೀರು ಇಳಿಯುವುದನ್ನು ಕಾಯಬೇಕು.